ನೇತ್ರಾವತಿಯ ಊರಿನಲ್ಲಿ ಗಾಳದ ಮೇಳ ನಡೆಯಬೇಕೆ?

ಫ್ಲೈ ಫಿಶಿಂಗ್ ಎನ್ನುವುದು ಗಾಳ ಹಾಕುವ ಒಂದು ವಿಶೇಷ ಕ್ರಮ. ಇದರಲ್ಲಿ ಎರೆಹುಳು, ಸಿಗಡಿ, ಹಿಟ್ಟಿನ ಉಂಡೆ ಯಾವುದನ್ನೂ ಬಳಸುವುದಿಲ್ಲ. ಗರಿ, ರೋಮ, ನೂಲುಗಳನ್ನು ಸಣ್ಣ ಕೊಕ್ಕೆಗೆ ಸುತ್ತಿ ನೀರಹುಳವನ್ನೋ ಮರಿಮೀನನ್ನೋ ಹೋಲುವ ಆಕೃತಿಯನ್ನು ಕಟ್ಟುತ್ತಾರೆ. ಅದಕ್ಕೆ ತೂಕವೇ ಇಲ್ಲದಿರುವುದರಿಂದ ದಪ್ಪ ದಾರದ ಭಾರವನ್ನೇ ನೆಚ್ಚಿ, ಬಳುಕುವ ನೀಳ ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಬೀಸಿ ನೀರಿನ ಮೇಲೆ ಇಳಿಸುತ್ತಾರೆ. ಸಿಕ್ಕ ಮೀನನ್ನು ಬಹುತೇಕ ಮರಳಿ ನೀರಿಗೆ ಬಿಡುತ್ತಾರೆ. ಅಮೆರಿಕ ಮತ್ತು ಯುರೋಪಿನಲ್ಲಿ ಈ ಹವ್ಯಾಸದವರು ಪ್ರದೇಶವಾರು ಮೇಳಗಳನ್ನು ನಡೆಸುತ್ತಾರೆ. ಅಲ್ಲಿ ಕೊಕ್ಕೆ ಕಟ್ಟುವ ಕಲೆಯ ಪ್ರಾತ್ಯಕ್ಷಿಕೆ, ದಾರ ಬೀಸುವ ತರಬೇತಿ, ಸಲಕರಣೆಗಳ ಮಾರಾಟ ನಡೆಯುತ್ತವೆ, ಜೊತೆಗೆ ನದಿ ಸಂರಕ್ಷಣೆಯ ಉಪನ್ಯಾಸಗಳೂ ನಿಧಿ ಸಂಗ್ರಹವೂ ಇರುತ್ತವೆ. ಸಂರಕ್ಷಣೆಯನ್ನೇ ಮುಖ್ಯವಾಗಿಟ್ಟುಕೊಂಡ ಅಂಥದೊಂದು ಮೇಳ ಪಶ್ಚಿಮ ಕರಾವಳಿಗೆ ಬರುವುದಾದರೆ ಮಂಗಳೂರು ಅದಕ್ಕೆ ಸಹಜವಾದ ಸ್ಥಳವೆಂದು ತೋರುತ್ತದೆ. ಹಾಗಾದರೆ ಅದನ್ನು ಇಲ್ಲಿ ನಡೆಸಬೇಕೆ? ಎರಡೂ ಕಡೆಯ ವಾದವನ್ನು ಅವುಗಳ ಪೂರ್ಣ ಬಲದಲ್ಲಿ ಮಂಡಿಸಲು ಯತ್ನಿಸಿದ್ದೇನೆ. ನನ್ನ ಮನಸ್ಸು ಎರಡನೆಯ ವಾದದ ಕಡೆಗೆ ಹೆಚ್ಚು ವಾಲಿದೆ ಎಂಬುದನ್ನು ಮೊದಲೇ ಹೇಳುತ್ತೇನೆ. ಆದರೆ ಮೊದಲನೆಯದನ್ನು ಸುಲಭವಾಗಿ ತಳ್ಳಿಹಾಕಲು ನನಗೆ ಸಾಧ್ಯವಾಗಿಲ್ಲ.

ಪರ: ನದಿಯನ್ನು ನೋಡುವವರು ಬೇಕು

ನಮ್ಮ ಕರಾವಳಿಯಲ್ಲಿ ಕಡಲಿನ ಮೀನಿಗೆ ವಾರಸುದಾರರಿದ್ದಾರೆ. ಮಲ್ಪೆ, ಮಂಗಳೂರು, ಗಂಗೊಳ್ಳಿ ಬಂದರುಗಳಲ್ಲಿ ಬೂತಾಯಿಯೋ ಬಂಗುಡೆಯೋ ಕಡಿಮೆಯಾದರೆ ಅದು ಮರುದಿನವೇ ಸುದ್ದಿಯಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ನಿಯಮವಿದೆ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ನಿಲ್ಲಿಸಬೇಕೆಂದು ನಾಡದೋಣಿಯವರು ಬೀದಿಗಿಳಿದು ಹೋರಾಡಿದ್ದಾರೆ. ತುಂಬೆಯ ಕಿಂಡಿ ಅಣೆಕಟ್ಟಿನಿಂದ ಮೇಲೆ, ನೇತ್ರಾವತಿ ಮತ್ತು ಕುಮಾರಧಾರೆಯ ಹರಿವಿನಲ್ಲಿ, ಅಥವಾ ಉಡುಪಿಯ ಸ್ವರ್ಣಾ ಮತ್ತು ಸೀತಾ ನದಿಗಳಲ್ಲಿ ಬದುಕುವ ಸಿಹಿನೀರಿನ ಮೀನಿಗೆ ಅಂಥ ವಾರಸುದಾರರಿಲ್ಲ. ಅದು ಮಾರುಕಟ್ಟೆಯ ಸರಕಲ್ಲ, ರಫ್ತಿನ ಲೆಕ್ಕಕ್ಕೆ ಸೇರುವುದಿಲ್ಲ. ಫಲ್ಗುಣಿಯಲ್ಲಿ, ಮಳವೂರಿನ ಕಿಂಡಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನುಗಳು ಸತ್ತು ತೇಲಿದಾಗ ಜನ ಎರಡು ದಿನ ಮಾತನಾಡಿಕೊಂಡರು. ಹಿಂದಿನ ವರ್ಷ ಅಲ್ಲಿ ಯಾವ ಜಾತಿಯ ಮೀನು ಎಷ್ಟಿತ್ತು ಎಂದು ಕೇಳಿದ್ದರೆ ಉತ್ತರಿಸಲು ಒಂದು ಪುಸ್ತಕವೂ ಇರಲಿಲ್ಲ.

ಆ ಪುಸ್ತಕ ಎಲ್ಲಿಂದ ಬರಬಹುದು ಎಂಬುದಕ್ಕೆ ಕಾವೇರಿಯಲ್ಲಿ ಉತ್ತರವಿದೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಶಿಬಿರಗಳಲ್ಲಿ ಮಹಶೀರ್ ಮೀನಿಗೆ ಗಾಳ ಹಾಕಿ, ಅಳೆದು, ತೂಗಿ, ಮರಳಿ ಬಿಡುವ ಪದ್ಧತಿ ದಶಕಗಳ ಕಾಲ ನಡೆಯಿತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹವ್ಯಾಸಿಗಳು ಬರೆದಿಟ್ಟ ಲೆಕ್ಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ವಿವರವಿತ್ತು. ವಿಜ್ಞಾನಿಗಳು 2015ರಲ್ಲಿ ಆ ಲೆಕ್ಕವನ್ನು ಪರಿಶೀಲಿಸಿ ಪ್ರಕಟಿಸಿದಾಗಲೇ, ಕಾವೇರಿಗೆ ಮಾತ್ರ ಸೇರಿದ, ಬೆನ್ನು ಗೂನಾದ, ಜಗತ್ತಿನ ಅತಿ ದೊಡ್ಡ ಮಹಶೀರ್‌ಗಳಲ್ಲೊಂದಾದ ಜಾತಿಯು ಕಣ್ಣೆದುರೇ ಕರಗಿಹೋಗುತ್ತಿದೆ ಎಂಬುದು ಜಗತ್ತಿಗೆ ಗೊತ್ತಾಯಿತು. ಕಬಿನಿಯಲ್ಲಿ 1946ರಲ್ಲಿ 120 ಪೌಂಡ್, ಎಂದರೆ ಸುಮಾರು 54 ಕಿಲೊ ತೂಗಿದ ಮೀನು ಸಿಕ್ಕಿದ್ದು ಇದೇ ಜಾತಿಯದು. 2018ರಲ್ಲಿ ಅದಕ್ಕೆ ಖಚಿತವಾದ ವೈಜ್ಞಾನಿಕ ಹೆಸರು ದೊರೆಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅತ್ಯಂತ ಗಂಭೀರ ವರ್ಗಕ್ಕೆ ಸೇರಿತು. ಈ ಎಲ್ಲದರ ಮೂಲದಲ್ಲಿ ಹವ್ಯಾಸಿಗಳ ದಿನಚರಿ ಇದೆ. ಗಾಳದವರು ಇಲ್ಲದಿದ್ದರೆ ಆ ಮೀನು ಸದ್ದಿಲ್ಲದೆ ಹೋಗಿಬಿಡುತ್ತಿತ್ತು.

ಅದೇ ಶಿಬಿರಗಳು ಇನ್ನೊಂದು ಕೆಲಸವನ್ನೂ ಮಾಡಿದವು. ಹೊಳೆಗೆ ತೋಟೆ ಎಸೆದು ಮೀನು ಹಿಡಿಯುತ್ತಿದ್ದ ಕೆಲವರು ಅಲ್ಲಿ ಮಾರ್ಗದರ್ಶಿಗಳಾಗಿ, ಕಾವಲುಗಾರರಾಗಿ ಸಂಬಳಕ್ಕೆ ಸೇರಿದರು. ಬದುಕಿರುವ ಮೀನಿನಿಂದ ವರ್ಷವಿಡೀ ಕೂಲಿ ಹುಟ್ಟುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಾಯಿತು. ವನ್ಯಜೀವಿ ಕಾಯ್ದೆಯ ಅರ್ಥವಿವರಣೆಯ ಆಧಾರದಲ್ಲಿ 2012ರಲ್ಲಿ ರಕ್ಷಿತ ಪ್ರದೇಶಗಳೊಳಗೆ ಗಾಳ ನಿಂತಾಗ ಆ ಕಾವಲೂ ಸಡಿಲವಾಯಿತು ಎಂಬುದು ಹವ್ಯಾಸಿಗಳ ದೂರು. ಈ ದೂರನ್ನು ಸ್ವಾರ್ಥದ ಮಾತೆಂದು ಬದಿಗೆ ಸರಿಸುವುದು ಸುಲಭ. ಆದರೆ ತೋಟೆ ಎಸೆಯುವವನಿಗೆ ನಿಜವಾಗಿ ಅಡ್ಡಿಯಾಗುವುದು ಹೊಳೆಯ ದಡದಲ್ಲಿ ಬೆಳಗಿನಿಂದ ಸಂಜೆಯವರೆಗೆ ಯಾರೋ ಒಬ್ಬರು ನಿಂತಿರುವುದು. ಕಾಯ್ದೆಯ ಪುಸ್ತಕ ಅವನನ್ನು ತಡೆದಿಲ್ಲ. ಸ್ಫೋಟಕ ಮತ್ತು ವಿಷ ಬಳಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೇ ನಿಷಿದ್ಧ. ನಮ್ಮ ಹೊಳೆಗಳಲ್ಲಿ ತೋಟೆಯ ಸದ್ದು, ಮೈಲುತುತ್ತದ ಬಳಕೆ ಆ ಬಳಿಕವೂ ನಿಲ್ಲಲಿಲ್ಲವೆಂಬುದು ಹೊಳೆಬದಿಯ ಎಲ್ಲರಿಗೂ ಗೊತ್ತು.

ಗಾಳಗಳಲ್ಲಿಯೂ ಫ್ಲೈ ಫಿಶಿಂಗ್ ಮೀನಿಗೆ ಕಡಿಮೆ ಹಾನಿ ಮಾಡುವ ಕ್ರಮ. ನಿಜವಾದ ಎರೆಯನ್ನು ಮೀನು ಹೊಟ್ಟೆಗಿಳಿಸಿಕೊಳ್ಳುತ್ತದೆ, ಕೊಕ್ಕೆ ಗಂಟಲಲ್ಲಿಯೋ ಕಿವಿರಿನಲ್ಲಿಯೋ ಸಿಕ್ಕಿಕೊಳ್ಳುತ್ತದೆ. ಕಟ್ಟಿದ ಗರಿಯ ಹುಳುವಾದರೆ ಬಾಯಿಗೆ ಹಾಕಿದ ಕ್ಷಣದಲ್ಲೇ ರುಚಿ ಸಲ್ಲದೆ ಮೀನು ಅದನ್ನು ಉಗುಳಲು ಹೊರಡುವುದರಿಂದ ಕೊಕ್ಕೆ ಸಾಮಾನ್ಯವಾಗಿ ತುಟಿಯಲ್ಲಿ ನಿಲ್ಲುತ್ತದೆ. ಹಿಮ್ಮುಳ್ಳಿಲ್ಲದ ಒಂಟಿ ಕೊಕ್ಕೆ, ಗಂಟಿಲ್ಲದ ರಬ್ಬರ್ ಬಲೆ, ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳುವುದು, ಮೀನನ್ನು ನೀರಿನಿಂದ ಮೇಲೆತ್ತದೆಯೇ ಕೊಕ್ಕೆ ಬಿಡಿಸುವುದು: ಇಂಥ ಶಿಸ್ತುಗಳನ್ನು ಕಲಿಸುವ ಜಾಗವೇ ಮೇಳ. ಕಾವೇರಿಯ ಮಹಶೀರ್‌ಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೂ ಎಚ್ಚರದಿಂದ ಹಿಡಿದು ಬೇಗನೆ ಬಿಟ್ಟ ಮೀನು ಚೇತರಿಸಿಕೊಳ್ಳುತ್ತದೆಂದೇ ಹೇಳಿತು. ಈ ಶಿಸ್ತು ಗೊತ್ತಿಲ್ಲದ ನೂರಾರು ಯುವಕರು ಈಗಲೇ ಆನ್‌ಲೈನ್‌ನಲ್ಲಿ ಅಗ್ಗದ ರಾಡು, ರೀಲು ತರಿಸಿಕೊಂಡು ಸೇತುವೆಗಳ ಮೇಲೆ, ಅಳಿವೆಬಾಗಿಲುಗಳಲ್ಲಿ ನಿಂತಿದ್ದಾರೆ. ಮೇಳ ಬಾರದಿದ್ದರೆ ಅವರೇನೂ ಮನೆಗೆ ಹೋಗುವುದಿಲ್ಲ. ಕಲಿಸುವವರಿಲ್ಲದೆ ಹಾಗೆಯೇ ಮುಂದುವರಿಯುತ್ತಾರೆ, ಅಷ್ಟೆ.

ಇನ್ನು ಈ ಮೇಳದಲ್ಲಿ ಒಂದು ಮೀನನ್ನೂ ಮುಟ್ಟಬೇಕಾಗಿಲ್ಲ ಎಂಬುದನ್ನು ವಿರೋಧಿಸುವವರು ಮರೆಯುತ್ತಾರೆ. ದಾರ ಬೀಸುವುದನ್ನು ಹುಲ್ಲುಹಾಸಿನ ಮೇಲೆ, ಕೊಕ್ಕೆಯ ಬದಲು ತುದಿಗೆ ಉಣ್ಣೆಯ ಎಳೆ ಕಟ್ಟಿಯೇ ಕಲಿಸುತ್ತಾರೆ. ಗರಿಯ ಹುಳುವನ್ನು ಕಟ್ಟಲು ಹೊರಟವನು ಮೊದಲು ನಿಜವಾದ ಹುಳುಗಳನ್ನು ನೋಡಬೇಕು. ಹೊಳೆಯ ಕಲ್ಲನ್ನು ಮಗುಚಿ ಅದರಡಿಯಲ್ಲಿ ಅಂಟಿಕೊಂಡಿರುವ ಮರಿಹುಳುಗಳು ಯಾವುವು, ಅವು ಯಾವ ತಿಂಗಳಲ್ಲಿ ರೆಕ್ಕೆ ಬಲಿತು ಏಳುತ್ತವೆ ಎಂಬುದನ್ನು ತಿಳಿಯಬೇಕು. ಈ ಹುಳುಗಳಲ್ಲಿ ಹಲವು ಕೊಳಕು ನೀರಿನಲ್ಲಿ ಬದುಕಲಾರವು, ಆದ್ದರಿಂದ ಅವುಗಳ ಇರವು ನೀರಿನ ಶುದ್ಧತೆಗೆ ಸಾಕ್ಷಿ. ಬೆಳ್ತಂಗಡಿ, ಪುತ್ತೂರು, ಕಾರ್ಕಳದ ಶಾಲಾ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಹೊಳೆಪಾಠ ಬೇರೆ ಇರಲಾರದು. 1969ರಲ್ಲಿ ಆರಂಭವಾದ, ದೇಶದ ಮೊದಲ ಮೀನುಗಾರಿಕೆ ಕಾಲೇಜು ಇರುವ ಊರಿನಲ್ಲಿ ಇದನ್ನು ಕಲಿಸುವ ಜನಕ್ಕೆ ಕೊರತೆಯೂ ಇಲ್ಲ.

ಹಣದ ಮಾತನ್ನೂ ಆಡಬೇಕು. ಅಮೆರಿಕದಲ್ಲಿ 1950ರಲ್ಲಿ ಬಂದ ಕಾನೂನಿನಂತೆ ಗಾಳದ ಸಲಕರಣೆಗಳ ಮೇಲೆ ಶೇಕಡ 10ರ ಸುಂಕ ಹಾಕಿ ಅದನ್ನು ಮೀನು ಮತ್ತು ನದಿಗಳ ಪುನರುಜ್ಜೀವನಕ್ಕೇ ಮೀಸಲಿಟ್ಟರು. 1959ರಲ್ಲಿ ಮಿಷಿಗನ್ ರಾಜ್ಯದ ಔ ಸೇಬಲ್ ನದಿಯ ದಡದಲ್ಲಿ ಕೆಲವು ಗಾಳದ ಹವ್ಯಾಸಿಗಳು ಸೇರಿ ಕಟ್ಟಿದ ಟ್ರೌಟ್ ಅನ್‌ಲಿಮಿಟೆಡ್ ಇವತ್ತು ಆ ದೇಶದ ದೊಡ್ಡ ನದಿ ಸಂರಕ್ಷಣಾ ಸಂಸ್ಥೆಗಳಲ್ಲಿ ಒಂದು. ಮೋಜು ಮಾಡುವವನೇ ಮೋಜಿನ ಮೂಲವನ್ನು ಕಾಯಲು ಹಣ ಕೊಡಬೇಕೆಂಬ ಈ ತತ್ತ್ವ ನ್ಯಾಯವಾದದ್ದು. ಹಾಗೆಯೇ ಒಂದು ಆಚರಣೆಯನ್ನು ಪ್ರೀತಿಸುವವರೇ ಅದನ್ನು ತಿದ್ದಬಲ್ಲರು ಎಂಬುದಕ್ಕೆ ನಮ್ಮ ಕಂಬಳವೇ ಉದಾಹರಣೆ: 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಂತು, 2017ರ ರಾಜ್ಯ ತಿದ್ದುಪಡಿಯಿಂದ ಮರಳಿ, 2023ರಲ್ಲಿ ಅದೇ ನ್ಯಾಯಾಲಯದ ಒಪ್ಪಿಗೆ ಪಡೆಯುವ ಹೊತ್ತಿಗೆ ಅದು ಕೋಣಗಳ ಹಿತದ ನಿಯಮಗಳನ್ನು ತನ್ನದಾಗಿಸಿಕೊಂಡಿತ್ತು. ಗಾಳದ ಹವ್ಯಾಸಕ್ಕೂ ಅಂಥ ಅವಕಾಶ ಸಿಗಬೇಕು.

ವಿರೋಧ: ಈ ಹೊಳೆಗಳ ಲೆಕ್ಕ ಬೇರೆ

ಮೇಲಿನ ವಾದದಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ಸಿಹಿನೀರಿನ ಮೀನಿಗೆ ಕೇಳುವವರಿಲ್ಲ, ಹವ್ಯಾಸಿಗಳ ದಿನಚರಿ ಬೆಲೆಯುಳ್ಳದ್ದು, ಕಲ್ಲು ಮಗುಚಿ ಹುಳು ನೋಡುವ ಪಾಠ ಒಳ್ಳೆಯದು. ಆದರೆ ಅಲ್ಲಿ ನಮ್ಮ ಹೊಳೆಗಳೇ ಕಾಣುವುದಿಲ್ಲ. ಮಿಷಿಗನ್ ನದಿಯಲ್ಲಿ ಸಲ್ಲುವ ಹವ್ಯಾಸ ನೇತ್ರಾವತಿಯಲ್ಲಿ ಯಾವ ತಿಂಗಳಲ್ಲಿ, ಯಾವ ನೀರಿನಲ್ಲಿ, ಯಾವ ಮೀನಿನ ಮೇಲೆ ನಡೆಯಬೇಕು ಎಂಬ ಪ್ರಶ್ನೆಯನ್ನು ಅದು ಕೇಳಿಕೊಂಡಿಲ್ಲ.

ನೇತ್ರಾವತಿಯ ಉದ್ದ ನೂರು ಕಿಲೋಮೀಟರಿಗಿಂತ ಸ್ವಲ್ಪವೇ ಹೆಚ್ಚು. ಘಟ್ಟದಿಂದ ಧುಮುಕಿದ ಹೊಳೆ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬೇಗನೆ ಕಡಲು ಸೇರಿಬಿಡುತ್ತದೆ. ವರ್ಷದ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಆಗ ಹೊಳೆ ಕೆಂಪಾಗಿ, ದಡ ಮೀರಿ ಹರಿಯುತ್ತದೆ; ಗರಿಯ ಹುಳುವನ್ನು ನೀರಿನ ಮೇಲೆ ಇಳಿಸುವ ಮಾತೇ ಇಲ್ಲ, ಮತ್ತು ಮೀನುಗಳು ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಏರುವ ಕಾಲವೂ ಅದೇ. ಮಳೆ ನಿಂತು ನೀರು ತಿಳಿಯಾಗುವುದು ನವೆಂಬರಿನ ಹೊತ್ತಿಗೆ. ಫೆಬ್ರುವರಿ ದಾಟಿದರೆ ಹರಿವು ತೆಳುವಾಗಿ, ಮಾರ್ಚ್‌ನಿಂದ ಮೇ ತನಕ ಹೊಳೆಯೆಂಬುದು ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಗುಂಡಿಯಾಗಿ ಉಳಿಯುತ್ತದೆ. ಒಂದು ಮೈಲಿಯ ಮೀನೆಲ್ಲ ಒಂದು ಗುಂಡಿಯಲ್ಲಿ ಸೇರಿರುತ್ತದೆ. ನೀರು ಬಿಸಿಯಾಗಿ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗಿರುತ್ತದೆ. ರಜೆಯ ದಿನಗಳು ಬರುವುದೂ, ನೀರಿಗಿಳಿದು ನಿಲ್ಲಲು ಅನುಕೂಲವಾಗುವುದೂ, ದಾರ ಬೀಸಲು ಮರದ ಕೊಂಬೆಗಳಿಂದ ದೂರದ ಬಯಲು ದಡ ಸಿಗುವುದೂ ಈ ತಿಂಗಳುಗಳಲ್ಲೇ.

ಹಿಡಿದು ಬಿಟ್ಟ ಮೀನು ಸಾಯುವುದಿಲ್ಲ ಎಂಬ ನಂಬಿಕೆಯನ್ನು ಈ ಬಿಸಿನೀರಿನ ಮುಂದೆ ಇಟ್ಟು ನೋಡಬೇಕು. ಹಿಡಿದು ಬಿಡುವ ಪದ್ಧತಿಯ ಕುರಿತು ಜಗತ್ತಿನ ಹಲವು ಕಡೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಬಿಟ್ಟ ಬಳಿಕ ಸತ್ತ ಮೀನುಗಳ ಸರಾಸರಿ ಪ್ರಮಾಣ ಶೇಕಡ 18ರಷ್ಟಿತ್ತು. ಕೊಕ್ಕೆ ತಾಗಿದ ಜಾಗ, ನೀರಿನ ಬಿಸಿ, ಮೀನನ್ನು ಎಷ್ಟು ಹೊತ್ತು ಆಡಿಸಿದರು ಎಂಬುದರ ಮೇಲೆ ಈ ಪ್ರಮಾಣ ಬಹಳ ಏರಿಳಿಯುತ್ತದೆ; ನುರಿತ ಕೈಗಳಲ್ಲಿ ಅದು ತೀರ ಕಡಿಮೆಯಾಗಬಹುದು. ಕಾವೇರಿಯ ಅಧ್ಯಯನ ಹೇಳಿದ್ದೂ ಎಚ್ಚರದ ಕೈಗಳ ವಿಷಯವನ್ನೇ. ಮೇಳಕ್ಕೆ ಬಂದು, ಎರಡು ದಿನದಲ್ಲಿ ದಾರ ಬೀಸಲು ಕಲಿತು, ಏಪ್ರಿಲ್ ತಿಂಗಳಲ್ಲಿ ಕುಮಾರಧಾರೆಯ ಗುಂಡಿಯೊಂದರ ಮುಂದೆ ನಿಲ್ಲುವ ಹೊಸಬನ ಕೈ ನುರಿತದ್ದಾಗಿರುವುದಿಲ್ಲ. ಮೀನಿಗೆ ನೋವಾಗುತ್ತದೆಯೇ ಎಂಬ ಪ್ರಶ್ನೆಯೂ ಈಗ ಭಾವುಕರ ಪ್ರಶ್ನೆಯಾಗಿ ಉಳಿದಿಲ್ಲ. ಟ್ರೌಟ್ ಮೀನಿನ ಬಾಯಿಯ ಸುತ್ತ ನೋವನ್ನು ಗ್ರಹಿಸುವ ನರತಂತುಗಳಿರುವುದನ್ನು 2003ರಲ್ಲಿಯೇ ಬ್ರಿಟನ್ನಿನ ವಿಜ್ಞಾನಿಗಳು ತೋರಿಸಿದ್ದಾರೆ. ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಸ್ವಿಟ್ಜರ್ಲೆಂಡ್ 2008ರ ತನ್ನ ಪ್ರಾಣಿರಕ್ಷಣಾ ನಿಯಮದಲ್ಲಿ ನಿಷೇಧಿಸಿದೆ. ಊಟಕ್ಕೆ ಹಿಡಿಯುವುದಕ್ಕೆ ಒಂದು ಕಾರಣವಿದೆ, ಆಟಕ್ಕೆ ನೋಯಿಸುವುದಕ್ಕೆ ಇಲ್ಲ ಎಂಬುದು ಅದರ ಹಿಂದಿನ ವಿಚಾರ. ಮೀನು ತಿನ್ನುವ ಊರಿನವರಾದ ನಮಗೆ ಈ ವಿಚಾರ ಅರ್ಥವಾಗದೆ ಇರದು.

ಈಗ ಕಾವೇರಿಗೆ ಬರೋಣ, ಏಕೆಂದರೆ ಪರ ವಾದದ ಬಲವೆಲ್ಲ ಅಲ್ಲಿದೆ. ಗೂನುಬೆನ್ನಿನ ಮಹಶೀರ್ ಕರಗಿದ್ದು ಗೊತ್ತಾದದ್ದು ಹವ್ಯಾಸಿಗಳ ಲೆಕ್ಕದಿಂದ, ನಿಜ. ಅದು ಏಕೆ ಕರಗಿತು ಎಂಬುದನ್ನೂ ಹೇಳಬೇಕು. ಮಹಾರಾಷ್ಟ್ರದ ಲೋನಾವಳದ ಮೀನುಮರಿ ಕೇಂದ್ರದಲ್ಲಿ 1970ರ ದಶಕದಿಂದ ಬೆಳೆಸಿದ, ಕೃಷ್ಣಾ ಕೊಳ್ಳದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ದೇಶದ ಅನೇಕ ನದಿಗಳಿಗೆ ತಂದು ಬಿಟ್ಟರು, ಕಾವೇರಿಗೂ ಬಿಟ್ಟರು. ಉದ್ದೇಶ ಸಂರಕ್ಷಣೆಯೇ ಆಗಿತ್ತು. ಹವ್ಯಾಸಿಗಳೂ ಅದನ್ನು ಸಂತೋಷದಿಂದಲೇ ಬರಮಾಡಿಕೊಂಡರು. ಹೊರಗಿನ ಜಾತಿ ಹೆಚ್ಚುತ್ತ ಹೋದಂತೆ ಒಟ್ಟು ಸಿಗುವ ಮೀನಿನ ಸಂಖ್ಯೆ ಏರಿತು, ಕಾವೇರಿಯ ಸ್ವಂತ ಮೀನು ಇಳಿಯಿತು. ಅಣೆಕಟ್ಟು, ಮರಳುಗಾರಿಕೆ, ತೋಟೆ ಇವೂ ಅದನ್ನು ಹಿಂಡಿದ್ದವು ನಿಜ, ಆದರೆ ಎರಡು ಜಾತಿಗಳ ಲೆಕ್ಕವನ್ನು ಬೇರೆ ಬೇರೆಯಾಗಿ ತೆಗೆಯುವ ತನಕ ನದಿ ಮೀನಿನಿಂದ ತುಂಬಿ ಆರೋಗ್ಯವಾಗಿದೆ ಎಂದೇ ಎಲ್ಲರಿಗೂ ಕಾಣುತ್ತಿತ್ತು. ನನ್ನನ್ನು ಹೆಚ್ಚು ಕಾಡುವ ಸಂಗತಿ ಇದು. ಗಾಳ ಹಾಕುವವನ ಮನಸ್ಸಿಗೆ ಬೇಕಾದದ್ದು ದಾರವನ್ನು ಬಿಗಿಯಾಗಿ ಎಳೆಯುವ ದೊಡ್ಡ ಮೀನು. ಅದು ಆ ಹೊಳೆಯ ಮೀನೇ ಎಂಬುದು ಅವನಿಗೆ ಎರಡನೆಯ ಪ್ರಶ್ನೆ. ಮೇಳ ಯಶಸ್ವಿಯಾಗಿ, ಹವ್ಯಾಸ ಬೆಳೆದು, ಹೊಳೆಯಲ್ಲಿ ಮೀನು ಸಾಲದಾದಾಗ ಬರುವ ಮೊದಲ ಬೇಡಿಕೆ ಮರಿ ತಂದು ಬಿಡಿ ಎಂಬುದೇ ಆಗಿರುತ್ತದೆ. ನೀಲಗಿರಿಯ, ಕಾಶ್ಮೀರದ ತೊರೆಗಳಿಗೆ ಬ್ರಿಟಿಷರು ಟ್ರೌಟ್ ತಂದು ಬಿಟ್ಟದ್ದೂ ಇದೇ ಮನಸ್ಸಿನಿಂದ.

ನಮ್ಮ ಹೊಳೆಗಳಲ್ಲಿ ಹಾಗೆ ಕಳೆದುಹೋಗಬಹುದಾದದ್ದು ಏನು? ಇದೇ ಮಂಗಳೂರಿನಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಗಾಳದ ಮೋಹಿ. ದಕ್ಷಿಣ ಕನ್ನಡದಲ್ಲಿ ಮೀನು ಸಾಕಣೆಯ ಕುರಿತ ಅವನ ವರದಿ 1870ರಲ್ಲಿ ಅಚ್ಚಾಯಿತು. ಮೀನುಗಳನ್ನು ಶಾಸ್ತ್ರೀಯವಾಗಿ ವರ್ಣಿಸಿದ ಫ್ರಾನ್ಸಿಸ್ ಡೇ 1874ರಲ್ಲಿ ಇಲ್ಲಿಯ ಹೊಳೆಯ, ಕೆಂಪು ಛಾಯೆಯ ಒಂದು ದೊಡ್ಡ ಮೀನಿಗೆ ಥಾಮಸ್‌ನ ಹೆಸರನ್ನೇ ಇಟ್ಟ: ಹಿಪ್ಸೆಲೊಬಾರ್ಬಸ್ ಥಾಮಸ್ಸಿ. ಇವತ್ತು ಅದು ಗೂನುಬೆನ್ನಿನ ಮಹಶೀರ್ ಇರುವ ಅದೇ ಗಂಭೀರ ವರ್ಗದಲ್ಲಿದೆ. ದಕ್ಷಿಣ ಕನ್ನಡದಿಂದಲೇ ಡೇ ವರ್ಣಿಸಿದ ಅದೇ ಕುಲದ ಇನ್ನೊಂದು ಮೀನು, ಪುಲ್ಚೆಲ್ಲಸ್, ಅದರ ಜೊತೆಗಿದೆ. ಜಗತ್ತಿನಲ್ಲಿ ಘಟ್ಟದ ಈ ಕೆಲವೇ ಹೊಳೆಗಳನ್ನು ಬಿಟ್ಟರೆ ಇವಕ್ಕೆ ಬೇರೆ ಮನೆಯಿಲ್ಲ. ಇವುಗಳ ಹೆಸರು ಮೇಳದ ಫಲಕದಲ್ಲಿ ಕಾಣಬಹುದು. ಆದರೆ ಅವುಗಳ ಜಾಗದಲ್ಲಿ ಸಾಕಿದ ಮಹಶೀರ್ ಈಜುತ್ತಿದ್ದರೆ ಗಾಳದವನಿಗೆ ಏನೂ ಕಡಿಮೆಯಾದಂತೆ ತೋರುವುದಿಲ್ಲ.

ಈ ಹೊಳೆಗಳಲ್ಲಿ ದೊಡ್ಡ ಮೀನುಗಳು ಉಳಿದಿರುವ ಜಾಗಗಳನ್ನು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಶಿಶಿಲೇಶ್ವರ ದೇವಸ್ಥಾನದ ಮುಂದಿನ ಕಪಿಲೆಯಲ್ಲಿ, ಘಟ್ಟದ ಮೇಲೆ ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿಯ ಬಳಿಯ ಚಿಬ್ಬಲಗುಡ್ಡೆಯಲ್ಲಿ ಮಹಶೀರ್ ಮತ್ತದರ ಒಡನಾಡಿ ಮೀನುಗಳು ಬದುಕಿರುವುದು ಅವನ್ನು ದೇವರ ಮೀನೆಂದು ಯಾರೂ ಮುಟ್ಟದ ಕಾರಣ. ಶಿಶಿಲದಲ್ಲಿ 1990ರ ದಶಕದಲ್ಲಿ ದುಷ್ಕರ್ಮಿಗಳು ವಿಷ ಹಾಕಿ ಅಸಂಖ್ಯ ಮೀನುಗಳನ್ನು ಕೊಂದಾಗ ಊರೇ ಶೋಕಿಸಿತು. ಬಳಿಕ ಅಲ್ಲಿ ಮೀನು ಮರಳಿ ತುಂಬಿಕೊಂಡದ್ದು ಅದೇ ಮುಟ್ಟಬಾರದೆಂಬ ಕಟ್ಟಿನಿಂದ. ನಂಬಿಕೆಯಿಂದ ಬಂದ ಕಟ್ಟು ಎಲ್ಲ ಕಡೆ ಸಾಲದು, ಯಾತ್ರಿಕರು ಸುರಿಯುವ ಮಂಡಕ್ಕಿ ಮೀನಿಗೆ ಒಳ್ಳೆಯದೂ ಅಲ್ಲ, ಒಪ್ಪುತ್ತೇನೆ. ಆದರೆ ಈ ಮೀನುಗಳು ದೇವಸ್ಥಾನದ ಮೆಟ್ಟಿಲ ಮುಂದೆಯೇ ವರ್ಷವಿಡೀ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಮೇಲಕ್ಕೂ ಕೆಳಕ್ಕೂ ಹೋಗುತ್ತವೆ. ಗಡಿಯ ಕಲ್ಲಿನಿಂದ ನೂರು ಮೀಟರ್ ಕೆಳಗೆ ದಾರ ಬೀಸಿ ನಿಂತವನಿಗೆ ಸಿಗುವುದು ಅದೇ ದೇವರ ಮೀನು. ಅದನ್ನು ತುಟಿಗೆ ಕೊಕ್ಕೆ ಚುಚ್ಚಿ, ಎತ್ತಿ ಹಿಡಿದು ಚಿತ್ರ ತೆಗೆಸಿಕೊಂಡು ಬಿಡುವುದನ್ನು ನೋಡುವ ಊರಿನವರಿಗೆ, ಮುಟ್ಟಬಾರದೆಂಬ ಕಟ್ಟು ಯಾರಿಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆ ಏಳದಿರುತ್ತದೆಯೇ?

ಆ ಪ್ರಶ್ನೆಗೆ ಇನ್ನೂ ಕಹಿಯಾದ ಒಂದು ಮಗ್ಗುಲಿದೆ. ಮೊದಲ ಮಳೆಗೆ ಗದ್ದೆಯ ತೋಡು ಏರುವ ಮೀನನ್ನು ಕೂಳಿ ಇಟ್ಟು ಹಿಡಿಯುವವನು, ಸಂಜೆ ಬೀಸುಬಲೆ ಹೊತ್ತು ಹೊಳೆಗೆ ಹೋಗಿ ಸಾರಿಗೆ ಸಾಕಾಗುವಷ್ಟು ಹಿಡಿದು ತರುವವನು ಈ ನೆಲದ ಬಹಳ ಹಳೆಯ ಮೀನುಗಾರ. ಸಂರಕ್ಷಣೆಯ ಮೇಳವು ಮೊಟ್ಟಮೊದಲು ಬೆರಳು ತೋರಿಸುವುದು ಇವನ ಕಡೆಗೆ. ಏಕೆಂದರೆ ಇವನು ಹಿಡಿದದ್ದನ್ನು ತಿನ್ನುತ್ತಾನೆ. ದೂರದ ನಗರದಿಂದ ಸಾವಿರಾರು ರೂಪಾಯಿಯ ಕೋಲು ತಂದವನು ಬಿಡುತ್ತಾನೆ, ಆದ್ದರಿಂದ ಅವನು ನದಿಯ ಮಿತ್ರ. ಮೊಟ್ಟೆ ತುಂಬಿದ ಮೀನನ್ನು ಏರುಹಾದಿಯಲ್ಲಿ ಹಿಡಿಯುವುದು ತಪ್ಪು ಎಂದು ಕೂಳಿಯವನಿಗೆ ಹೇಳಲೇಬೇಕು. ಅದನ್ನು ಹೇಳುವ ಹಕ್ಕು ಅವನ ಜೊತೆ ಕೂತು ಊಟ ಮಾಡಿದವರಿಗೆ ಇರುತ್ತದೆ, ಪ್ರವೇಶಪತ್ರ ಕೊಂಡು ಬಂದ ಅತಿಥಿಗೆ ಇರುವುದಿಲ್ಲ. ಕಂಬಳದ ಹೋಲಿಕೆ ಇಲ್ಲಿಯೇ ಸೋಲುತ್ತದೆ. ಕಂಬಳ ಈ ಮಣ್ಣಿನ ಗದ್ದೆಯಲ್ಲಿ, ಕೋಣವನ್ನು ಮನೆಯವರಂತೆ ಸಾಕಿದವರ ನಡುವೆ ಹುಟ್ಟಿದ್ದು. ಅದನ್ನು ತಿದ್ದಿದವರೂ ಅವರೇ. ಇಲ್ಲಿಯ ಹೊಳೆಯ ಮೀನನ್ನು ಬಲ್ಲವರು ಈ ಮೇಳದಲ್ಲಿ ಮಾರ್ಗದರ್ಶಿಯ ಕೂಲಿಗಿಂತ ಮೇಲಿನ ಜಾಗ ಪಡೆಯುತ್ತಾರೆಂಬ ಭರವಸೆ ನನಗಿಲ್ಲ.

ಗರಿಯ ವಿಷಯ ಚಿಕ್ಕದೆನಿಸಬಹುದು, ಆದರೆ ಘಟ್ಟದ ಬುಡದಲ್ಲಿರುವ ನಮಗೆ ಅದು ಚಿಕ್ಕದಲ್ಲ. ನಮ್ಮ ಕಾಡುಕೋಳಿಯ ಹುಂಜದ ಕುತ್ತಿಗೆಯ ಗರಿಗಳಲ್ಲಿ ಮೇಣದಂತೆ ಹೊಳೆಯುವ ಚುಕ್ಕೆಗಳಿವೆ, ಮತ್ತು ಕೊಕ್ಕೆ ಕಟ್ಟುವವರು ಬಹಳ ಹಿಂದಿನಿಂದಲೂ ಬಹುವಾಗಿ ಮೆಚ್ಚಿದ ಗರಿಗಳಲ್ಲಿ ಅದೂ ಒಂದು. ಅದಕ್ಕಾಗಿ ಘಟ್ಟದ ಹಕ್ಕಿಗಳನ್ನು ಕೊಂದು ಕುತ್ತಿಗೆಯ ಚರ್ಮವನ್ನು ಹೊರದೇಶಕ್ಕೆ ಸಾಗಿಸುತ್ತಿದ್ದ ಕಾಲವಿತ್ತು. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್‌ನ ಪ್ರಕೃತಿ ಸಂಗ್ರಹಾಲಯದಿಂದ 299 ಹಕ್ಕಿಗಳ ಚರ್ಮಗಳು ಕಳುವಾದದ್ದು ಇದೇ ಕಲೆಯ ಗೀಳಿನಿಂದ. ಇವತ್ತು ಸಾಕಿದ ಕೋಳಿಯ ಗರಿ, ಕೃತಕ ನೂಲು ಬಳಸುವ ಪ್ರಾಮಾಣಿಕರೇ ಹೆಚ್ಚು ಎಂಬುದನ್ನು ಒಪ್ಪಿದರೂ, ಕಾಡುಕೋಳಿ ಹಿತ್ತಲಿಗೆ ಬಂದು ಮೇಯುವ ಸುಳ್ಯ, ಸುಬ್ರಹ್ಮಣ್ಯದ ಸೀಮೆಯಲ್ಲಿ ಆ ಗರಿಗೆ ಬೆಲೆ ಇದೆಯೆಂದು ಕಲಿಸುವುದು ಜಾಣತನವಲ್ಲ.

ಕಾನೂನೂ ಮೇಳವನ್ನು ಒಂದು ವಿಚಿತ್ರ ಜಾಗಕ್ಕೆ ತಳ್ಳುತ್ತದೆ. ನೇತ್ರಾವತಿಯ ತಲೆಭಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿದೆ, ಕುಮಾರಧಾರೆಯದು ಪುಷ್ಪಗಿರಿ ಅಭಯಾರಣ್ಯದಲ್ಲಿ, ಸೀತಾನದಿ ಸೋಮೇಶ್ವರ ಅಭಯಾರಣ್ಯದ ಮೂಲಕ ಹರಿಯುತ್ತದೆ. ಅಲ್ಲೆಲ್ಲ ಗಾಳಕ್ಕೆ ಅವಕಾಶವಿಲ್ಲ. ಉಳಿಯುವುದು ಊರುಗಳ ನಡುವಿನ ಹೊಳೆ ಮತ್ತು ಅಳಿವೆ. ಅಳಿವೆಯ ಬಗ್ಗೆ ನನ್ನ ವಿರೋಧ ಅಷ್ಟು ಗಟ್ಟಿಯಾಗಿಲ್ಲ. ಕೋಡಿಬೆಂಗ್ರೆಯಲ್ಲಿಯೋ ತಣ್ಣೀರುಬಾವಿಯಲ್ಲಿಯೋ ಉಪ್ಪುನೀರಿನ ಪಾರೆ ಮೀನಿಗೆ ಗಾಳ ಹಾಕುವುದರಿಂದ ಯಾವ ಜಾತಿಯೂ ಅಳಿಯುವುದಿಲ್ಲ. ಆದರೆ ಅದಕ್ಕೆ ನದಿ ಸಂರಕ್ಷಣೆಯ ಹೆಸರು ಬೇಕಾಗಿಲ್ಲ.

ಆ ಹೆಸರಿನ ಬೆಲೆ ಏನೆಂಬುದು ಘಟ್ಟದ ಮೇಲೆ ಗೊತ್ತಾಗುತ್ತದೆ. ಸಕಲೇಶಪುರದ ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ 24.01 ಟಿಎಂಸಿ ನೀರನ್ನು ಪೂರ್ವದ ಜಿಲ್ಲೆಗಳಿಗೆ ಒಯ್ಯುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಪಡೆಯಿತು. ಇವೆಲ್ಲ ಕುಮಾರಧಾರೆಗೆ, ಅದರ ಮೂಲಕ ನೇತ್ರಾವತಿಗೆ ಇಳಿಯುವ ತೊರೆಗಳು; ಘಟ್ಟದ ಮೀನುಗಳು ಮೊಟ್ಟೆಯಿಡಲು ಏರುವುದು ಇಂಥ ತೊರೆಗಳ ಕಲ್ಲುಹಾಸಿಗೆ. ಕೆಳಗೆ ಶಂಭೂರು, ತುಂಬೆಗಳ ಅಣೆಕಟ್ಟುಗಳಿವೆ, ಅವುಗಳ ನಡುವೆ ಮರಳುಗಾರಿಕೆಯಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ ಎಂಬುದನ್ನು ನಾನು ಬಲ್ಲೆ. ಆದರೂ ನದಿಯ ಮೀನಿನ ಪರವಾಗಿ ಮಾತಾಡುತ್ತೇನೆಂದು ಹೊರಟ ಯಾರೇ ಆದರೂ ಮೊದಲು ಮಾತಾಡಬೇಕಾದದ್ದು ಈ ನೀರಿನ ಲೆಕ್ಕದ ಬಗ್ಗೆ. ಮೈದಾನಕ್ಕೆ ಜಿಲ್ಲಾಡಳಿತದ ಅನುಮತಿ, ಉದ್ಘಾಟನೆಗೆ ಮಂತ್ರಿ, ಖರ್ಚಿಗೆ ಕೈಗಾರಿಕೆಗಳ ಪ್ರಾಯೋಜಕತ್ವ ಬೇಕಾದ ಮೇಳವೊಂದು ಅದನ್ನು ಮಾತಾಡಲಾರದು. ಅದು ಪ್ಲಾಸ್ಟಿಕ್ ಹೆಕ್ಕುತ್ತದೆ, ಮರಿ ಬಿಡುತ್ತದೆ, ಚಿತ್ರ ತೆಗೆಸಿಕೊಳ್ಳುತ್ತದೆ. ಸಂಗ್ರಹವಾದ ನಿಧಿಯೂ ಕಣ್ಣಿಗೆ ಕಾಣುವ ಕೆಲಸಗಳಿಗೇ ಹೋಗುತ್ತದೆ.

ಇಷ್ಟಾದ ಮೇಲೂ ಪರ ವಾದದ ಒಂದು ಮಾತು ನನ್ನಲ್ಲಿ ಉಳಿಯುತ್ತದೆ: ಹೊಳೆಗೆ ಲೆಕ್ಕದ ಪುಸ್ತಕ ಬೇಕು. ಅದನ್ನು ಬರೆಯಲು ಮೇಳಕ್ಕಾಗಿ ಕಾಯಬೇಕಾಗಿಲ್ಲ. ಉಪ್ಪಿನಂಗಡಿಯ ಕೂಡಲಿನಿಂದ ಮೇಲೆ ಕೆಲವು ಗುಂಡಿಗಳನ್ನು ಗುರುತಿಸಿ, ಮಳೆಗಾಲದ ಮುಂಚೆ ಮತ್ತು ಬಳಿಕ, ಬೀಸುಬಲೆಯವರ ಕೈಯಲ್ಲೇ ಮೀನು ಹಿಡಿಸಿ, ಮೀನುಗಾರಿಕೆ ಕಾಲೇಜಿನ ವಿದ್ಯಾರ್ಥಿಗಳು ಜಾತಿ ಗುರುತಿಸಿ, ಅಳೆದು, ಅಲ್ಲೇ ಬಿಟ್ಟು, ಗ್ರಾಮ ಪಂಚಾಯಿತಿಯಲ್ಲಿ ಒಂದು ಪ್ರತಿ ಇಡುವ ಕೆಲಸವನ್ನು ಈ ನವೆಂಬರಿನಲ್ಲೇ ಶುರು ಮಾಡಬಹುದು. ಬಲೆಯವರಿಗೆ ದಿನದ ಕೂಲಿ ಕೊಡಬೇಕು, ಹೊಳೆಯ ಮೀನಿನ ಊರಹೆಸರುಗಳನ್ನು ಅವರಿಂದಲೇ ಬರೆದುಕೊಳ್ಳಬೇಕು. ಥಾಮಸ್ಸಿ ಎಲ್ಲಿ ಉಳಿದಿದೆ, ಹೊರಗಿನ ಮರಿ ಎಲ್ಲಿ ಬಂದಿದೆ, ಯಾವ ಗುಂಡಿ ಬೇಸಿಗೆಯಲ್ಲಿ ಪೂರ್ತಿ ಬತ್ತುತ್ತದೆ ಎಂಬುದು ಕೆಲವು ವರ್ಷ ಹೀಗೆ ಬರೆದ ಮೇಲೆ ಕಾಗದದ ಮೇಲೆ ಇರುತ್ತದೆ. ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಜನ ಗಾಳ ಹಾಕಬಹುದು ಎಂಬ ನಿಯಮವನ್ನು ಆ ಕಾಗದದಿಂದ ಬರೆಯಬೇಕು. ಮೇಳದ ಅರ್ಜಿಯನ್ನು ಅದರ ಬಳಿಕ ತೆಗೆದು ಓದಬಹುದು.